ಕ್ವಾಡ್ 405: ತನ್ನದೇ ದನಿ ಇಲ್ಲದ ಪವರ್ ಆಂಪ್ಲಿಫೈಯರ್ ಮನೆಯಲ್ಲಿ ಹೇಗಿರುತ್ತದೆ?

[ತೆರೆಯ ಮೇಲೆ: ಮೇಜಿನ ಮೇಲೆ ಕ್ವಾಡ್ 405. ಕ್ಯಾಮೆರಾ ಮುಂಭಾಗದ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ನಿಧಾನವಾಗಿ ಸರಿಯುತ್ತದೆ.]

ನಮಸ್ಕಾರ. ಈ ಪೆಟ್ಟಿಗೆಯಲ್ಲಿ ವಾಲ್ಯೂಮ್ ಗುಂಡಿ ಇಲ್ಲ, ಡಿಸ್‌ಪ್ಲೇ ಇಲ್ಲ, ರಿಮೋಟ್ ಅಂತೂ ಇಲ್ಲವೇ ಇಲ್ಲ. ಆನ್ ಮಾಡಲು ಒಂದು ಸ್ವಿಚ್ ಕೂಡ ಇಟ್ಟಿಲ್ಲ. ಒಂಬತ್ತು ಕಿಲೋ ತೂಕ, ಮುಂದೆ ಶಾಖ ಹೊರಹಾಕುವ ರೆಕ್ಕೆಗಳು, ಹಿಂದೆ ನಾಲ್ಕು ಸ್ಪೀಕರ್ ಸಾಕೆಟ್‌ಗಳು. ಇದು ಕ್ವಾಡ್ 405, 1975ರಲ್ಲಿ ಇಂಗ್ಲೆಂಡಿನ ಹಂಟಿಂಗ್‌ಡನ್ ಊರಿನಿಂದ ಹೊರಬಂದ ಟ್ರಾನ್ಸಿಸ್ಟರ್ ಪವರ್ ಆಂಪ್ಲಿಫೈಯರ್, ಅಂದರೆ ಸಣ್ಣ ಸಂಕೇತವನ್ನು ಸ್ಪೀಕರ್ ನಡೆಸುವಷ್ಟು ಬಲಪಡಿಸುವ ಯಂತ್ರ. ನಾನಿರುವ ಕೇಂಬ್ರಿಡ್ಜ್‌ನಿಂದ ಹಂಟಿಂಗ್‌ಡನ್‌ಗೆ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಈ ಭಾಗದಲ್ಲಿ ಹಳೆಯ ಸಾಮಾನು ಮಾರುವ ಕಡೆಗಳಲ್ಲಿ 405 ಇಂದಿಗೂ ಸಿಗುತ್ತದೆ. ನನ್ನದೂ ಹಾಗೆ ಸಿಕ್ಕಿದ್ದು. ಈಗ ಹಲವು ವರ್ಷಗಳಿಂದ ಮನೆಯ ಸಂಗೀತವೆಲ್ಲ ಇದರ ಮೂಲಕವೇ ಹರಿಯುತ್ತಿದೆ.

ಆಂಪ್ಲಿಫೈಯರ್‌ಗಳ ಬಗ್ಗೆ ಅವುಗಳ ಒಡೆಯರು ಹೇಳುವುದನ್ನು ನೀವು ಓದಿರುತ್ತೀರಿ. ಒಂದು ಬೆಚ್ಚಗಿದೆಯಂತೆ, ಇನ್ನೊಂದು ಒಣಕಲಂತೆ, ಮತ್ತೊಂದರಲ್ಲಿ ಗಾಯಕಿ ಎದುರಿಗೇ ಬಂದು ಕುಳಿತ ಹಾಗಾಗುತ್ತದಂತೆ. 405ರ ಬಗ್ಗೆಯೂ ಇವೆಲ್ಲವನ್ನೂ ಹೇಳಿದ್ದಾರೆ, ಒಂದಕ್ಕೊಂದು ಪೂರ್ತಿ ವಿರುದ್ಧವಾಗಿ. ಒಂದೇ ಯಂತ್ರದ ಬಗ್ಗೆ ಇಷ್ಟು ಬಗೆಯ ಮಾತುಗಳು ಹುಟ್ಟುವುದು ಹೇಗೆ? ನನ್ನ ಅನುಭವದಲ್ಲಿ ಅವುಗಳಲ್ಲಿ ಹೆಚ್ಚಿನವು ಆಂಪ್ಲಿಫೈಯರ್‌ನ ಗುಣವೇ ಅಲ್ಲ. ಕೋಣೆಯದು, ಸ್ಪೀಕರಿನದು, ವಾಲ್ಯೂಮ್‌ನದು, ಕೆಲವೊಮ್ಮೆ ವಯಸ್ಸಾದ ಕೆಪಾಸಿಟರಿನದು, ಅಂದರೆ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಬಿಡಿಭಾಗದ್ದು. ಹೀಗೆ ಹೇಳಲು ಕಾರಣವಿದೆ. ಮೊದಲು ಒಳಗೆ ಏನಿದೆ ನೋಡೋಣ.

[ತೆರೆಯ ಮೇಲೆ: ಮುಚ್ಚಳ ತೆಗೆದ 405. ನಡುವೆ ಟ್ರಾನ್ಸ್‌ಫಾರ್ಮರ್ ಮತ್ತು ದೊಡ್ಡ ಕೆಪಾಸಿಟರ್‌ಗಳು.]

ಕ್ವಾಡ್ ಕಂಪನಿಯನ್ನು 1936ರಲ್ಲಿ ಕಟ್ಟಿದವರು ಪೀಟರ್ ವಾಕರ್. ಆಗ ಅದರ ಹೆಸರು ಅಕೌಸ್ಟಿಕಲ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ತರುವುದಕ್ಕೆ ವಾಕರ್ ಅವಸರಪಡಲಿಲ್ಲ. 1960ರ ದಶಕದ ಆರಂಭದಲ್ಲಿ ಬಂದ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳಲ್ಲಿ ಎಷ್ಟೋ ಕೇಳಲು ಕರ್ಕಶವಾಗಿದ್ದವು. ಅವರ ಮೊದಲ ಟ್ರಾನ್ಸಿಸ್ಟರ್ ಪವರ್ ಆಂಪ್ಲಿಫೈಯರ್ 303 ಬಂದಿದ್ದು 1967ರಲ್ಲಿ.

ಆ ಕರ್ಕಶತನ ಎಲ್ಲಿಂದ ಬರುತ್ತಿತ್ತು? ಸಾಮಾನ್ಯ ಆಂಪ್ಲಿಫೈಯರಿನ ಕೊನೆಯ ಹಂತದಲ್ಲಿ ಎರಡು ಟ್ರಾನ್ಸಿಸ್ಟರ್‌ಗಳು ಕೆಲಸ ಹಂಚಿಕೊಳ್ಳುತ್ತವೆ. ಅಲೆಯ ಮೇಲಿನ ಅರ್ಧ ಒಂದಕ್ಕೆ, ಕೆಳಗಿನ ಅರ್ಧ ಇನ್ನೊಂದಕ್ಕೆ. ಒಂದು ಬಿಟ್ಟು ಇನ್ನೊಂದು ಹಿಡಿಯುವ ಆ ಕ್ಷಣದಲ್ಲಿ, ಅಂದರೆ ಅಲೆ ಸೊನ್ನೆಯನ್ನು ದಾಟುವಲ್ಲಿ, ಒಂದು ಚಿಕ್ಕ ಮುರುಕು ಉಂಟಾಗುತ್ತದೆ. ಇದಕ್ಕೆ ಕ್ರಾಸ್‌ಓವರ್ ಡಿಸ್ಟಾರ್ಶನ್ ಎನ್ನುತ್ತಾರೆ. ಇದರ ಕೆಟ್ಟ ಗುಣವೇನೆಂದರೆ, ಸಂಗೀತ ಮೆಲುವಾದಷ್ಟೂ ಇದು ಹೆಚ್ಚು ಎದ್ದು ಕೇಳುತ್ತದೆ. ಇದನ್ನು ತಡೆಯಲು ಎರಡೂ ಟ್ರಾನ್ಸಿಸ್ಟರ್‌ಗಳಲ್ಲಿ ಸದಾ ಸ್ವಲ್ಪ ಕರೆಂಟ್ ಹರಿಯುವಂತೆ ಬಿಡುತ್ತಾರೆ, ಅದೇ ಬಯಾಸ್. ಆದರೆ ಬಯಾಸ್ ಬಿಸಿಯ ಜೊತೆ ಬದಲಾಗುತ್ತದೆ, ವರ್ಷ ಕಳೆದಂತೆ ಜಾರುತ್ತದೆ. ಕಾರ್ಖಾನೆಯಲ್ಲಿ ಪ್ರತಿ ಘಟಕಕ್ಕೂ ಯಾರೋ ಒಬ್ಬರು ಪುಟ್ಟ ಗುಂಡಿ ತಿರುಗಿಸಿ ಅದನ್ನು ಹೊಂದಿಸಬೇಕಾಗುತ್ತದೆ.

405ರಲ್ಲಿ ಆ ಗುಂಡಿಯೇ ಇಲ್ಲ. ಹೊಂದಿಸುವುದಕ್ಕೆ ಏನೂ ಇಲ್ಲ. 1975ರಲ್ಲಿ ವಾಕರ್ ಮತ್ತು ಅವರ ಸಹೋದ್ಯೋಗಿ ಮೈಕೆಲ್ ಆಲ್ಬಿನ್ಸನ್ ಜಗತ್ತಿನ ಮುಂದಿಟ್ಟ ಉಪಾಯದ ಹೆಸರು ಕರೆಂಟ್ ಡಂಪಿಂಗ್.

[ತೆರೆಯ ಮೇಲೆ: ಸರಳ ಚಿತ್ರ. ಒಂದು ಸಣ್ಣ ತ್ರಿಕೋನ, ಒಂದು ದೊಡ್ಡ ತ್ರಿಕೋನ, ಎರಡರಿಂದಲೂ ಸ್ಪೀಕರಿಗೆ ಗೆರೆಗಳು.]

ನಮ್ಮೂರುಗಳ ತೇರನ್ನು ನೆನಪಿಸಿಕೊಳ್ಳಿ. ನೂರಾರು ಜನ ಹಗ್ಗ ಹಿಡಿದು ಎಳೆಯುತ್ತಾರೆ, ಬಲವೆಲ್ಲ ಅವರದ್ದು. ಆದರೆ ತೇರು ದಾರಿ ತಪ್ಪದಂತೆ ನೋಡಿಕೊಳ್ಳುವವರು ಚಕ್ರದ ಪಕ್ಕದಲ್ಲೇ ನಡೆಯುತ್ತ ಮರದ ತುಂಡು ಕೊಡುವ ಕೆಲವೇ ಮಂದಿ. 405ರಲ್ಲಿ ಚಕ್ರದ ಪಕ್ಕ ನಡೆಯುವುದು ಒಂದು ಸಣ್ಣ, ಅತ್ಯಂತ ಶುದ್ಧವಾದ ಕ್ಲಾಸ್ ಎ ಆಂಪ್ಲಿಫೈಯರ್, ಅಂದರೆ ಅಲೆಯ ಎರಡೂ ಅರ್ಧಗಳನ್ನು ನಡುವೆ ಕೈಬಿಡದೆ ನಿಭಾಯಿಸುವಂಥದ್ದು. ಹಗ್ಗ ಎಳೆಯುವುದು ದೊಡ್ಡ ಟ್ರಾನ್ಸಿಸ್ಟರ್‌ಗಳು. ಅವಕ್ಕೆ ಬಯಾಸ್ ಇಲ್ಲ, ನಾಜೂಕೂ ಇಲ್ಲ. ಸ್ಪೀಕರಿಗೆ ಕರೆಂಟ್ ಸುರಿಯುವುದಷ್ಟೇ ಅವುಗಳ ಕೆಲಸ. ಅತಿ ಮೆಲು ದನಿಯಲ್ಲಿ ಸಣ್ಣದೇ ಎಲ್ಲವನ್ನೂ ನಿಭಾಯಿಸುತ್ತದೆ. ಅದಕ್ಕಿಂತ ಮೇಲೆ ದೊಡ್ಡವು ಎಚ್ಚರಗೊಳ್ಳುತ್ತವೆ, ಅವು ಎಡವಿದಷ್ಟನ್ನೂ ಸಣ್ಣದು ತುಂಬಿಕೊಡುತ್ತದೆ.

ಎಷ್ಟು ತುಂಬಿಕೊಡಬೇಕೆಂದು ಅದಕ್ಕೆ ಹೇಗೆ ತಿಳಿಯುತ್ತದೆ? ನಾಲ್ಕು ಬಿಡಿಭಾಗಗಳಿಂದ. 47 ಓಂನ ಒಂದು ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಬಿಡಿಭಾಗ, ಓಂ ಆ ತಡೆಯ ಅಳತೆ), ಸುಮಾರು 500 ಓಂನಷ್ಟು ಇನ್ನೊಂದು ರೆಸಿಸ್ಟೆನ್ಸ್, 120 ಪಿಕೋಫ್ಯಾರಡ್‌ನ ಒಂದು ಪುಟ್ಟ ಕೆಪಾಸಿಟರ್, ದಪ್ಪ ತಂತಿ ಸುತ್ತಿದ ಒಂದು ಚಿಕ್ಕ ಕಾಯಿಲ್. ಮೊದಲ ಮೂರನ್ನು ಗುಣಿಸಿ ನೋಡಿ. ಉತ್ತರ, ಕಾಯಿಲ್ ಅಳೆಯುವ ಮಾನದಲ್ಲಿ, 3 ಮೈಕ್ರೋಹೆನ್ರಿಗೆ ಸ್ವಲ್ಪ ಕಡಿಮೆ ಬರುತ್ತದೆ. ಕಾಯಿಲ್‌ನ ಅಳತೆಯೂ ಹೆಚ್ಚುಕಡಿಮೆ ಅಷ್ಟೇ! ಇದು ಕಾಕತಾಳೀಯವಲ್ಲ, ಇಡೀ ಯಂತ್ರ ನಿಂತಿರುವುದೇ ಈ ಲೆಕ್ಕದ ಮೇಲೆ. ಈ ನಾಲ್ಕೂ ಸೇರಿ ಒಂದು ಬ್ರಿಡ್ಜ್ ಆಗುತ್ತವೆ, ಅಂದರೆ ತಕ್ಕಡಿಯಂತೆ ಎರಡು ಬದಿ ಸರಿತೂಗುವ ಜೋಡಣೆ. ಬ್ರಿಡ್ಜ್ ಸಮತೋಲನದಲ್ಲಿದ್ದರೆ ದೊಡ್ಡ ಟ್ರಾನ್ಸಿಸ್ಟರ್‌ಗಳು ಎಚ್ಚರವಾಗಿವೆಯೋ ಮಲಗಿವೆಯೋ ಎಂಬುದು ಸ್ಪೀಕರಿಗೆ ಗೊತ್ತೇ ಆಗುವುದಿಲ್ಲ. ವಾಕರ್ ಇದನ್ನು 1975ರ ಡಿಸೆಂಬರ್‌ನಲ್ಲಿ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಬಿಡಿಸಿ ಬರೆದರು. ಇದು ನಿಜಕ್ಕೂ ಹೊಸದೋ, ಹೊರಬಂದದ್ದನ್ನು ಒಳಬಂದದ್ದರ ಜೊತೆ ಹೋಲಿಸಿ ತಪ್ಪು ತಿದ್ದುವ ಹಳೆಯ ಫೀಡ್‌ಬ್ಯಾಕ್‌ಗೇ ಹೊಸ ಅಂಗಿಯೋ ಎಂದು ಎಂಜಿನಿಯರ್‌ಗಳು ಬಹಳ ಕಾಲ ಜಗಳವಾಡಿದರು. 1978ರಲ್ಲಿ ಈ ವಿನ್ಯಾಸಕ್ಕೆ ಬ್ರಿಟನ್ನಿನ ಕ್ವೀನ್ಸ್ ಅವಾರ್ಡ್ ಬಂತು. ಇಷ್ಟು ಅಗ್ಗದ ನಾಲ್ಕು ವಸ್ತುಗಳಿಂದ ಇಂಥ ಕೆಲಸ ತೆಗೆದ ಬುದ್ಧಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಸರಿ, ಕೇಳುವುದಕ್ಕೆ ಹೇಗಿದೆ?

[ತೆರೆಯ ಮೇಲೆ: ಸಂಜೆಯ ಕೋಣೆ, ಪುಸ್ತಕದ ಕಪಾಟಿನ ಮುಂದೆ ಎರಡು ಸ್ಪೀಕರ್‌ಗಳು.]

ನನ್ನ ಸ್ಪೀಕರ್‌ಗಳು ಎಂಟು ಓಂನವು, ಸಂವೇದನೆ (ಕೊಟ್ಟ ಶಕ್ತಿಗೆ ಎಷ್ಟು ಜೋರಾಗಿ ನುಡಿಯುತ್ತವೆ ಎಂಬ ಅಳತೆ) 86 ಡೆಸಿಬೆಲ್, ಕೋಣೆ ದೊಡ್ಡದಲ್ಲ. ನಾನು ಹೆಚ್ಚು ಕೇಳುವುದು ಮಲ್ಲಿಕಾರ್ಜುನ ಮನ್ಸೂರರ ಗಾಯನ, ದೊರೆಸ್ವಾಮಿ ಅಯ್ಯಂಗಾರರ ವೀಣೆ. ಆಂಪ್ಲಿಫೈಯರ್ ಪರೀಕ್ಷಿಸಲು ವೀಣೆಗಿಂತ ಒಳ್ಳೆಯ ವಾದ್ಯ ನನಗೆ ತೋರಿಲ್ಲ. ಮೀಟಿದ ಕ್ಷಣದಲ್ಲಿ ನಾದ ಚುರುಕಾಗಿ ಏಳುತ್ತದೆ, ಆಮೇಲೆ ಗಮಕದ ಎಳೆತದಲ್ಲಿ ತೆಳುವಾಗುತ್ತ ಹೋಗುತ್ತದೆ. ಆ ತೆಳುವಾಗುವ ಬಾಲದಲ್ಲೇ ಕ್ರಾಸ್‌ಓವರ್ ಡಿಸ್ಟಾರ್ಶನ್ ಸಿಕ್ಕಿಬೀಳಬೇಕು. 405ರಲ್ಲಿ ಆ ಬಾಲ ಮುರಿಯುವುದಿಲ್ಲ. ಸ್ವರ ಕರಗುವವರೆಗೂ ತಂತಿ ತಂತಿಯಾಗಿಯೇ ಉಳಿಯುತ್ತದೆ. ಮನ್ಸೂರರ ಧ್ವನಿಮುದ್ರಣಗಳಲ್ಲಿ ತಂಬೂರಿಯ ಮೊರೆತ ಹಿಂದೆ ಸಮನಾಗಿ ನಿಂತಿರುತ್ತದೆ, ತಾನ್ ಎಷ್ಟೇ ಬಿರುಸಾಗಲಿ ಅದು ಮಸುಕಾಗುವುದಿಲ್ಲ.

ಇದಕ್ಕಿಂತ ಹೆಚ್ಚಿನ ವಿಶೇಷಣಗಳನ್ನು ನಾನು ಸೇರಿಸುವುದಿಲ್ಲ, ಕಾರಣವಿದೆ. ಸ್ಪೀಕರಿನ ತುದಿಗಳಿಗೆ ಮಲ್ಟಿಮೀಟರ್ ಹಚ್ಚಿ ನೋಡಿದರೆ, ಮನೆಯವರೆಲ್ಲ ಒಪ್ಪುವಷ್ಟು ಜೋರಿನಲ್ಲಿ ಅದು ಎರಡು ವೋಲ್ಟ್ ದಾಟುವುದೇ ಅಪರೂಪ. ಎಂಟು ಓಂಗೆ ಎರಡು ವೋಲ್ಟ್ ಎಂದರೆ ಅರ್ಧ ವಾಟ್. ಈ ಯಂತ್ರದ ಶಕ್ತಿ ಪ್ರತಿ ಚಾನಲ್‌ಗೆ ನೂರು ವಾಟ್, ಡಿಸ್ಟಾರ್ಶನ್ ಶೇಕಡಾ 0.01ರ ಆಸುಪಾಸು. ತಬಲಾದ ಪೆಟ್ಟುಗಳಿಗೆ ಆ ಅರ್ಧ ವಾಟ್‌ನ ಹತ್ತಿಪ್ಪತ್ತು ಪಟ್ಟು ಬೇಕಾಗಬಹುದು, ಆಗಲೂ ಇದಕ್ಕೆ ಏದುಸಿರು ಬರುವುದಿಲ್ಲ. ಇಡೀ ಸಂಜೆ ಹಾಡಿದ ಮೇಲೆ ರೆಕ್ಕೆಗಳನ್ನು ಮುಟ್ಟಿದರೆ ಕೈಗೆ ತಿಳಿಯುವುದು ಉಗುರುಬೆಚ್ಚಗೆ ಮಾತ್ರ. ಅಂದಹಾಗೆ, ಐವತ್ತರ ಬದಲು ನೂರು ವಾಟ್ ಕೊಂಡರೆ ಸಿಗುವುದು ಕೇವಲ ಮೂರು ಡೆಸಿಬೆಲ್ ಹೆಚ್ಚಿನ ದನಿ. ವಾಟ್‌ಗಳ ಹಿಂದೆ ಓಡುವವರು ಇದನ್ನು ನೆನಪಿನಲ್ಲಿಡಬೇಕು.

ಕ್ವಾಡ್ ಕಂಪನಿ ಈ ವಿಚಾರದಲ್ಲಿ ಧೈರ್ಯದ ಕೆಲಸವೊಂದನ್ನು ಮಾಡಿತ್ತು. ತನ್ನ ಮೂರು ಆಂಪ್ಲಿಫೈಯರ್‌ಗಳನ್ನು ಕೇಳುಗರ ಮುಂದಿಟ್ಟು ಯಾವುದು ಯಾವುದೆಂದು ಗುರುತಿಸಲು ಹೇಳಿತು: 1953ರ ವಾಲ್ವ್ (ಗಾಜಿನ ಕೊಳವೆಯ) ಆಂಪ್ಲಿಫೈಯರ್ ಕ್ವಾಡ್ 2, 1967ರ 303, ಮತ್ತು 405. ಪರೀಕ್ಷೆ ನಡೆಸಿದವರು ಜೇಮ್ಸ್ ಮಾಯರ್, ಫಲಿತಾಂಶ ಪ್ರಕಟವಾದದ್ದು 1978ರಲ್ಲಿ. ನುರಿತ ಕಿವಿಗಳೂ ಮೂರನ್ನು ನಂಬುವಂತೆ ಬೇರ್ಪಡಿಸಲು ಆಗಲಿಲ್ಲ. ತನ್ನ ಹೊಸ ಮಾದರಿ ಹಳೆಯದಕ್ಕಿಂತ ಚೆನ್ನಾಗಿ ಕೇಳಿಸುತ್ತದೆ ಎಂದು ಕಂಪನಿಯೊಂದು ಹೇಳಿಕೊಳ್ಳದೆ ಇರುವುದು ಎಷ್ಟು ಅಪರೂಪ ಎಂದು ಯೋಚಿಸಿ!

ಹಾಗಾದರೆ 405ರಲ್ಲಿ ಕುಂದಿಲ್ಲವೇ? ಇದೆ, ಕೇಳುವಂಥದ್ದೂ ಇದೆ.

[ತೆರೆಯ ಮೇಲೆ: ಹಿಂಭಾಗದ ನಾಲ್ಕು ಪಿನ್ನಿನ ಡಿನ್ ಸಾಕೆಟ್.]

ಒಳಬರುವ ದಾರಿ ಡಿನ್ ಎಂಬ ಹಳೆಯ ಮಾದರಿಯ ಈ ದುಂಡು ಸಾಕೆಟ್. ಇಂದಿನ ಕೇಬಲ್ ಇದಕ್ಕೆ ಹೊಂದುವುದಿಲ್ಲ, ಅಡಾಪ್ಟರ್ ಬೇಕು. ಅದು ಚಿಕ್ಕ ತೊಂದರೆ. ದೊಡ್ಡದು ಸಂವೇದನೆ. 405ಕ್ಕೆ ಅರ್ಧ ವೋಲ್ಟ್ ಕೊಟ್ಟರೆ ಸಾಕು, ಪೂರ್ತಿ ನೂರು ವಾಟ್ ಹೊರಡುತ್ತದೆ. ಸಿಡಿ ಪ್ಲೇಯರ್ ಕೊಡುವುದು ಎರಡು ವೋಲ್ಟ್, ಅಂದರೆ ನಾಲ್ಕು ಪಟ್ಟು. ಹೀಗಾಗಿ ಪ್ರಿಆಂಪ್ಲಿಫೈಯರಿನ, ಅಂದರೆ ಇದಕ್ಕೆ ಮುಂಚೆ ಕೂರುವ ವಾಲ್ಯೂಮ್ ಪೆಟ್ಟಿಗೆಯ, ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಕೋಣೆ ತುಂಬಿಬಿಡುತ್ತದೆ. ಹಾಗೆ ಕೇಳಿದವರು 405 ಒರಟು ಎಂದರೆ ನನಗೆ ಆಶ್ಚರ್ಯವಿಲ್ಲ. ಅದು ಆಂಪ್ಲಿಫೈಯರ್ ಒರಟಾಗಿರುವುದಲ್ಲ, ಎಲ್ಲವೂ ಬೇಕಾದ್ದಕ್ಕಿಂತ ಜೋರಾಗಿರುವುದು. ಕೇಬಲ್ ಒಳಗೇ ಎರಡು ರೆಸಿಸ್ಟರ್ ಹಾಕಿಸಿ ಹನ್ನೆರಡು ಡೆಸಿಬೆಲ್ ಇಳಿಸಿದ ಮೇಲೆ ನನ್ನ ಮನೆಯಲ್ಲಿ ವಾಲ್ಯೂಮ್ ಗುಂಡಿಗೆ ಓಡಾಡಲು ಜಾಗ ಸಿಕ್ಕಿತು.

ಇನ್ನೊಂದು, ಸ್ಪೀಕರಿನ ಆಯ್ಕೆ. ಮೊದಲ 405 ಎಂಟು ಓಂಗಿಂತ ಬಹಳ ಕೆಳಗಿಳಿಯುವ ಸ್ಪೀಕರ್‌ಗಳನ್ನು ಇಷ್ಟಪಡುವುದಿಲ್ಲ. ಅದರ ಕರೆಂಟ್ ಮಿತಿ ಬೇಗ ಅಡ್ಡಬರುತ್ತದೆ, ಜೋರಾದಾಗ ದನಿ ಗಡಸಾಗುತ್ತದೆ. 1980ರ ದಶಕದಲ್ಲಿ ಬಂದ 405-2 ಇದನ್ನು ಬಹುಮಟ್ಟಿಗೆ ಸರಿಪಡಿಸಿತು. ನಾಲ್ಕು ಓಂ ಸ್ಪೀಕರ್ ಇರುವವರು ಎರಡನೆಯದನ್ನೇ ಹುಡುಕಬೇಕು. ತಕ್ಕ ಜೋಡಿ ಸಿಕ್ಕರೆ ಇದು ಎಂಥ ಕೆಲಸಗಾರ ಎಂಬುದಕ್ಕೆ ಬಿಬಿಸಿಯೇ ಸಾಕ್ಷಿ. ಅವರ ಎಲ್‌ಎಸ್5/8 ಸ್ಟುಡಿಯೋ ಮಾನಿಟರ್‌ಗಳನ್ನು, ಅಂದರೆ ಸ್ಟುಡಿಯೋದ ಸ್ಪೀಕರ್‌ಗಳನ್ನು, ನಡೆಸುತ್ತಿದ್ದುದು ಮಾರ್ಪಡಿಸಿದ 405ಗಳೇ.

ವಯಸ್ಸಿನ ವಿಷಯಕ್ಕೆ ಬರೋಣ. ಒಳಗಿನ ದೊಡ್ಡ ಕೆಪಾಸಿಟರ್‌ಗಳು ಒಂದೊಂದೂ 10,000 ಮೈಕ್ರೋಫ್ಯಾರಡ್. ಹಳೆಯ ಘಟಕಗಳಲ್ಲಿ ಅವು ಸೊರಗಿರುತ್ತವೆ, ಸ್ಪೀಕರಿನಲ್ಲಿ ಗುಂಯ್ ಎಂಬ ನಾದ ಬರುತ್ತದೆ. ನನ್ನದರಲ್ಲೂ ಬರುತ್ತಿತ್ತು. ಅವುಗಳನ್ನು ಬದಲಿಸಿದ ಮೇಲೆ ಗುಂಯ್‌ಗುಡುವುದು ನಿಂತಿತು, ತಂಬೂರಿಯ ಕೆಳಗಿನ ಷಡ್ಜ ತಿಳಿಯಾಯಿತು. ಇದನ್ನೇ ಕೆಲವರು ಹೊಸ ಆಂಪ್ಲಿಫೈಯರಿನಿಂದ ಆದ ಸುಧಾರಣೆ ಎಂದು ವರ್ಣಿಸುತ್ತಾರೆ. ಇಲ್ಲಿ ಆದದ್ದು ಯಂತ್ರ ಮತ್ತೆ ತಾನಾಗಿದ್ದು, ಅಷ್ಟೇ. ಒಳಬರುವ ಹಂತದ ಹಳೆಯ ಐಸಿ ಚಿಪ್ಪನ್ನು ಬದಲಿಸುವುದೂ ತಪ್ಪಲ್ಲ, ಕಂಪನಿಯೇ 405-2ರಲ್ಲಿ ಬದಲಿಸಿತು. ಆದರೆ ಆ ನಾಲ್ಕು ಬಿಡಿಭಾಗಗಳ ಬ್ರಿಡ್ಜ್ ಇದೆಯಲ್ಲ, ಸುಧಾರಣೆಯ ಹೆಸರಿನಲ್ಲಿ ಅದರ ಅಳತೆಗಳನ್ನು ಬದಲಾಯಿಸುವ ಕಿಟ್‌ಗಳನ್ನು ದಯವಿಟ್ಟು ಕೊಳ್ಳಬೇಡಿ. ಸಮತೋಲನ ತಪ್ಪಿಸಿದ 405 ಹೆಸರಿಗಷ್ಟೇ 405.

ಎರಡು ಆಂಪ್ಲಿಫೈಯರ್‌ಗಳನ್ನು ನೀವೇ ಹೋಲಿಸಿ ನೋಡಬೇಕೆಂದಿದ್ದರೆ ಹೀಗೆ ಮಾಡಿ. 200 ಹರ್ಟ್ಸ್‌ನ ಒಂದೇ ಸ್ವರವನ್ನು ನುಡಿಸಿ ಸ್ಪೀಕರಿನ ತುದಿಯಲ್ಲಿ ವೋಲ್ಟೇಜ್ ಅಳೆಯಿರಿ. ಆವರ್ತನ ಇನ್ನೂ ಮೇಲಿದ್ದರೆ ಅಗ್ಗದ ಮೀಟರ್‌ಗಳು ತಪ್ಪು ಹೇಳುತ್ತವೆ. ಒಂದರಲ್ಲಿ 2.00 ವೋಲ್ಟ್ ಇದ್ದರೆ ಇನ್ನೊಂದರಲ್ಲಿ 2.02 ದಾಟಬಾರದು. ಅರ್ಧ ಡೆಸಿಬೆಲ್ ಹೆಚ್ಚಿದ್ದರೂ ಕಿವಿ ಅದನ್ನು ಜೋರು ಎಂದು ಗುರುತಿಸುವುದಿಲ್ಲ, ಸ್ಪಷ್ಟ ಎಂದು ಗುರುತಿಸುತ್ತದೆ. ಬೆಲೆಬಾಳುವ ಎಷ್ಟೋ ತೀರ್ಪುಗಳು ಈ ಅರ್ಧ ಡೆಸಿಬೆಲ್ ಮೇಲೆ ನಿಂತಿವೆ.

[ತೆರೆಯ ಮೇಲೆ: ಮಲ್ಟಿಮೀಟರಿನ ಕಡ್ಡಿಗಳು ಸ್ಪೀಕರ್ ಸಾಕೆಟ್‌ಗಳಲ್ಲಿ.]

ಇದನ್ನು ಕೊಂಡು ಬೆಂಗಳೂರಿಗೋ ಮೈಸೂರಿಗೋ ಒಯ್ಯಬಹುದೇ ಎಂದು ಕೇಳುವವರಿಗೆ: ಒಯ್ಯಬಹುದು. ಎರಡೂ ದೇಶಗಳ ವಿದ್ಯುತ್ 230 ವೋಲ್ಟ್, 50 ಹರ್ಟ್ಸ್. ಸ್ವಿಚ್ ಇಲ್ಲದಿರುವುದಕ್ಕೆ ಕಾರಣ, ಕ್ವಾಡ್‌ನದೇ ಪ್ರಿಆಂಪ್ಲಿಫೈಯರಿನ ಹಿಂದಿನ ಸಾಕೆಟ್‌ನಿಂದ ಇದಕ್ಕೆ ವಿದ್ಯುತ್ ಬರಲಿ ಎಂಬ ಯೋಜನೆ. ಆ ಪ್ರಿಆಂಪ್ಲಿಫೈಯರ್ ಇಲ್ಲದಿದ್ದರೆ ಗೋಡೆಯ ಸ್ವಿಚ್ಚೇ ಗತಿ. ಕೊಳ್ಳುವ ಮುನ್ನ ಸ್ಪೀಕರ್ ಜೋಡಿಸದೆ, ಒಳಗೆ ಸಂಗೀತ ಕೊಡದೆ ಆನ್ ಮಾಡಿ, ಹೊರಬರುವ ತುದಿಗಳಲ್ಲಿ ಡಿಸಿ (ಒಂದೇ ದಿಕ್ಕಿನ ವಿದ್ಯುತ್ತಿನ) ವೋಲ್ಟೇಜ್ ಅಳೆಯಿರಿ. ಕೆಲವೇ ಮಿಲಿವೋಲ್ಟ್ ಇರಬೇಕು. ನೂರು ದಾಟಿದರೆ ದುರಸ್ತಿಯಾಗುವ ತನಕ ಸ್ಪೀಕರ್ ಹತ್ತಿರವೂ ತರಬೇಡಿ. ಒಳಗಿನ ವಿದ್ಯುತ್ ಮಾರ್ಗ ಐವತ್ತು ವೋಲ್ಟಿನದು, ಹಳೆಯ ಘಟಕಗಳಲ್ಲಿ ಹಲವಕ್ಕೆ ಸ್ಪೀಕರ್ ಕಾಯುವ ರಕ್ಷಣೆ ಇಲ್ಲ. ಮುಚ್ಚಳವನ್ನು ನೀವೇ ತೆರೆಯುವುದಾದರೆ, ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಮೀಟರ್ ಸೊನ್ನೆಗೆ ಇಳಿದಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಒಳಗೆ ಕೈ ಹಾಕಿ.