ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು

ಕೇಳುಗರಿಗೆಲ್ಲ ನಮಸ್ಕಾರ.

ಕಂಪ್ಯೂಟರ್‌ನ ಪವರ್ ಬಟನ್ ಒತ್ತುತ್ತೀರಿ. ಕ್ಯಾಬಿನೆಟ್ ಒಳಗೆ ಫ್ಯಾನ್ ತಿರುಗುವ ಸದ್ದು ಬರುತ್ತದೆ, ದೀಪವೂ ಹತ್ತುತ್ತದೆ. ಮಾನಿಟರ್ ಮಾತ್ರ ಕಪ್ಪಗೆ ಕೂತಿರುತ್ತದೆ. ಆಗ ಬಹಳ ಜನರ ಬಾಯಲ್ಲಿ ಬರುವ ಮಾತು, ‘ಮದರ್‌ಬೋರ್ಡ್ ಹೋಯ್ತು’. ಅಂದರೆ ಎಲ್ಲ ಭಾಗಗಳೂ ಕೂರುವ ಮುಖ್ಯ ಬೋರ್ಡ್ ಕೆಟ್ಟಿತು ಅಂತ. ಅಷ್ಟು ಬೇಗ ಕೈಚೆಲ್ಲಬೇಡಿ. ಎಷ್ಟೋ ಸಲ ಯಾವ ಭಾಗವೂ ಕೆಟ್ಟಿರುವುದಿಲ್ಲ, ಯಾವುದೋ ಒಂದು ಸರಿಯಾಗಿ ಕೂತಿರುವುದಿಲ್ಲ, ಅಷ್ಟೇ.

ಫ್ಯಾನ್ ತಿರುಗಿತು ಅಂದರೆ ಅದಕ್ಕೆ ಕರೆಂಟ್ ಸಿಗುತ್ತಿದೆ ಎಂದಷ್ಟೇ ಅರ್ಥ. ಪ್ರೊಸೆಸರ್ ಕೆಲಸ ಶುರು ಮಾಡಿದೆಯೇ? ಅದನ್ನು ಕೀಬೋರ್ಡ್ ಹೇಳುತ್ತದೆ. ಒಂದೆರಡು ನಿಮಿಷ ಕಾದು ನಮ್ ಲಾಕ್ ಕೀ ಒತ್ತಿ ನೋಡಿ. ಒತ್ತಿದಾಗಲೆಲ್ಲ ಅದರ ದೀಪ ಹತ್ತಿ ಆರಿದರೆ ಕಂಪ್ಯೂಟರ್ ಬಹುಮಟ್ಟಿಗೆ ಎದ್ದಿದೆ, ಚಿತ್ರ ಮಾತ್ರ ಮಾನಿಟರ್‌ವರೆಗೆ ಬರುತ್ತಿಲ್ಲ. ದೀಪ ಬದಲಾಗದಿದ್ದರೆ ಕಂಪ್ಯೂಟರ್ ಶುರುವಿನಲ್ಲೇ ಎಲ್ಲೋ ನಿಂತಿರುವ ಸಾಧ್ಯತೆ ಜಾಸ್ತಿ.

ಮೊದಲು ಹೊರಗಿನದ್ದು ನೋಡೋಣ. ಮಾನಿಟರ್‌ಗೆ ಚಿತ್ರ ತರುವ ಕೇಬಲ್‌ಗಳಲ್ಲಿ ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಎಂಬ ಬಗೆಗಳಿವೆ. ಕೇಬಲ್ ಎಚ್‌ಡಿಎಂಐನದ್ದು, ಮಾನಿಟರ್‌ನ ಮೆನುವಿನಲ್ಲಿ ಡಿಸ್‌ಪ್ಲೇಪೋರ್ಟ್ ಆಯ್ಕೆಯಾಗಿದ್ದರೆ ಚಿತ್ರ ಎಲ್ಲಿಂದ ಬರಬೇಕು? ಕೇಬಲ್‌ನ ಎರಡೂ ತುದಿ ತೆಗೆದು ಗಟ್ಟಿಯಾಗಿ ಹಾಕಿ. ಚಿತ್ರ ಮೂಡಿಸುವ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಆ ಕಾರ್ಡಿಗೇ ಹೋಗಬೇಕು, ಮದರ್‌ಬೋರ್ಡ್‌ನ ಪೋರ್ಟಿಗಲ್ಲ. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಅಕ್ಷರ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲವೇ ಇಲ್ಲ. ಆಗ ಮದರ್‌ಬೋರ್ಡ್‌ನ ಪೋರ್ಟಿಗೆ ಸುಮ್ನೆ ಕೇಬಲ್ ಸಿಕ್ಕಿಸಿ ಕಾದರೂ ಏನೂ ಕಾಣುವುದಿಲ್ಲ.

ಇದೆಲ್ಲ ಸರಿಯಿದ್ದರೆ ಕ್ಯಾಬಿನೆಟ್ ತೆರೆಯಿರಿ. ನಾನು ಮೊದಲು ಕೈಹಾಕುವುದು ಮೆಮೊರಿ ಬಿಲ್ಲೆಗೆ, ಅಂದರೆ ರ್‍ಯಾಮ್‌ಗೆ. ಪವರ್ ಕೇಬಲ್ ಪೂರ್ತಿ ಕಿತ್ತುಬಿಡಿ, ಆಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಕರೆಂಟ್ ಹೋಗಲಿ. ಮೈಯಲ್ಲಿನ ಸ್ಥಿರ ವಿದ್ಯುತ್ ಇಳಿಯಲು ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ. ಈಗ ಸ್ಲಾಟ್‌ನ ಕ್ಲಿಪ್ ಸರಿಸಿ ರ್‍ಯಾಮ್ ಹೊರಗೆ ತೆಗೆಯಿರಿ. ಕೆಳಅಂಚಿನಲ್ಲಿ ಚಿನ್ನದ ಬಣ್ಣದ ಪಟ್ಟಿಗಳ ಸಾಲು ಇದೆಯಲ್ಲ, ಅಲ್ಲಿ ಬೆರಳು ತಾಗಬಾರದು. ಧೂಳಿದ್ದರೆ ಒಣ, ಮೆತ್ತನೆ ಬಟ್ಟೆಯಿಂದ ಒರೆಸಿ. ಮತ್ತೆ ಹಾಕುವಾಗ ಅಂಚಿನ ಕಚ್ಚನ್ನು ಸ್ಲಾಟ್‌ನ ಉಬ್ಬಿಗೆ ಸರಿಹೊಂದಿಸಿ ಎರಡೂ ಕಡೆ ಒತ್ತಿ. ಕ್ಲಿಪ್ ‘ಟಕ್’ ಅಂತ ತಾನಾಗಿ ಮುಚ್ಚಬೇಕು. ಎರಡು ರ್‍ಯಾಮ್ ಇದ್ದರೆ ಒಂದನ್ನೇ ಹಾಕಿ ನೋಡಿ, ಆಮೇಲೆ ಇನ್ನೊಂದನ್ನು. ನಾಲ್ಕು ಸ್ಲಾಟ್ ಇರುವ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಮೊದಲು ತುಂಬಬೇಕಾದದ್ದು ಪ್ರೊಸೆಸರ್ ಕಡೆಯಿಂದ ಎರಡನೆಯದು.

ಒಂದು ಎಚ್ಚರಿಕೆ. ಡಿಡಿಆರ್5 ಎಂಬ ಬಗೆಯ ಹೊಸ ರ್‍ಯಾಮ್ ಹಾಕಿದ ಮೊದಲ ಸಲ ಬೋರ್ಡ್ ಅದನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳಬಹುದು. ಅಷ್ಟು ಹೊತ್ತು ಪರದೆ ಕಪ್ಪಗೇ ಇರುತ್ತದೆ. ಅವಸರಪಟ್ಟು ನಡುವೆ ಆಫ್ ಮಾಡಬೇಡಿ.

ಇಷ್ಟಾದರೂ ಚಿತ್ರ ಬರದಿದ್ದರೆ ಬೋರ್ಡ್ ಏನು ಹೇಳುತ್ತದೆ ನೋಡಿ. ಹಲವು ಬೋರ್ಡ್‌ಗಳಲ್ಲಿ ಸಿಪಿಯು, ಡಿರ್‍ಯಾಮ್, ವಿಜಿಎ, ಬೂಟ್ ಎಂದು ಬರೆದ ಪುಟ್ಟ ದೀಪಗಳಿರುತ್ತವೆ. ಅವು ಕ್ರಮವಾಗಿ ಪ್ರೊಸೆಸರ್, ರ್‍ಯಾಮ್, ಗ್ರಾಫಿಕ್ಸ್, ಆಪರೇಟಿಂಗ್ ಸಿಸ್ಟಂ ಇರುವ ಡಿಸ್ಕ್‌ಗೆ ಸಂಬಂಧಿಸಿದವು. ಯಾವುದು ಹತ್ತಿ ನಿಲ್ಲುತ್ತದೋ ತೊಂದರೆ ಅದರ ಸುತ್ತಮುತ್ತ. ಸ್ಪೀಕರ್ ಇದ್ದರೆ ಬೀಪ್ ಸದ್ದನ್ನು ಎಣಿಸಿ, ಅರ್ಥ ಬೋರ್ಡ್‌ನ ಕೈಪಿಡಿಯಲ್ಲಿರುತ್ತದೆ. ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್‌ನ ಪವರ್ ಕೇಬಲ್ಲನ್ನೂ ಮರೆಯಬೇಡಿ. ಅದು ಇಲ್ಲದಿದ್ದರೂ ಫ್ಯಾನ್ ಮಾತ್ರ ಚೆನ್ನಾಗೇ ತಿರುಗಬಹುದು! ಗ್ರಾಫಿಕ್ಸ್ ಕಾರ್ಡಿಗೂ ಬೇರೆ ಪವರ್ ಕೇಬಲ್ ಬೇಕಾಗಬಹುದು.

ಬಯೋಸ್, ಅಂದರೆ ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ ತಂತ್ರಾಂಶದ ಸೆಟ್ಟಿಂಗ್ ಬದಲಿಸಿದ ಮೇಲೆ ಹೀಗಾಗಿದೆಯೇ? ಪವರ್ ಕಿತ್ತು, ನಾಣ್ಯದಂತಿರುವ ಸಿಆರ್2032 ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟು ಹಾಕಿ. ಸಾಮಾನ್ಯವಾಗಿ ಸೆಟ್ಟಿಂಗ್ ಬೋರ್ಡ್ ಹೊಸದಾಗಿ ಬಂದಾಗ ಇದ್ದಂತಾಗುತ್ತದೆ.

ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಎಂದೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ಅಲ್ಲಿಗೆ ಬಂದರೆ ರಿಪೇರಿಯವರ ಕೈಗೆ ಕೊಡಿ. ಕೊಡುವಾಗ ಯಾವ ದೀಪ ಹತ್ತಿತ್ತು, ಎಷ್ಟು ಬೀಪ್ ಬಂತು, ಏನೇನು ತೆಗೆದು ಹಾಕಿದಿರಿ ಎಂದು ಹೇಳಿ. ಅವರು ಅಲ್ಲಿಂದಲೇ ಮುಂದುವರಿಸಬಹುದು.

ನಮಸ್ಕಾರ.