ಕತ್ತೆ, ಫೆರಾರಿ ಮತ್ತು ಮಡಗಾಂವಿನ ಬಾಬುಶ್

ನಮಸ್ಕಾರ. ಈಗ ನೀವು ನೋಡುತ್ತಿರುವುದು ಮಡಗಾಂವಿನ ಅಬಾದೆ ಫರಿಯಾ ರಸ್ತೆ. ಕಾರವಾರದಿಂದ ರೈಲು ಹತ್ತಿ ನಾನು ಇಲ್ಲಿಗೆ ಬಂದದ್ದು ಒಂದು ಹಳೆಯ ಮನೆಯನ್ನು ಹೊರಗಿನಿಂದಲಾದರೂ ನೋಡಿ ಹೋಗೋಣವೆಂದು. ಎಂಟು ವರ್ಷಕ್ಕೂ ಹೆಚ್ಚು ಕಾಲ ಪೋರ್ಚುಗಲ್‌ನ ಪ್ರಧಾನಿಯಾಗಿದ್ದ ಆಂಟೋನಿಯೊ ಕೋಸ್ಟಾ ಅವರ ಪೂರ್ವಿಕರ ಮನೆಯಿದು. ಕೊಂಕಣಿಯಲ್ಲಿ ಬಾಬುಶ್ ಎಂದರೆ ಹುಡುಗ. ಬಂಧುಗಳ ಬಾಯಲ್ಲಿ ಕೋಸ್ಟಾ ಅವರ ಹೆಸರೂ ಅದೇ.

ಅವರು ಲಿಸ್ಬನ್‌ನಲ್ಲಿ ಹುಟ್ಟಿದ್ದು 1961ರ ಜುಲೈ 17ರಂದು. ಮಗುವಿಗೆ ಐದು ತಿಂಗಳು ತುಂಬಿ ಎರಡು ದಿನವಾಗಿತ್ತು, ಅಷ್ಟರಲ್ಲಿ ಗೋವಾ ಪೋರ್ಚುಗೀಸರ ಕೈತಪ್ಪಿತ್ತು. ಮಡಗಾಂವಿನಲ್ಲಿ ಬಾಲ್ಯ ಕಳೆದ ತಂದೆ ಒರ್ಲಾಂಡೊ ದ ಕೋಸ್ಟಾ ಲೇಖಕರು, ಕಮ್ಯುನಿಸ್ಟರು, ಸರ್ವಾಧಿಕಾರಿ ಸಲಾಜಾರ್ ಆಡಳಿತದಲ್ಲಿ ಸೆರೆಮನೆ ಕಂಡವರು. ತಾಯಿ ಮರಿಯಾ ಆಂಟೋನಿಯಾ ಪಲ್ಲಾ ಪತ್ರಕರ್ತೆ. ಮಗ ಮಾತ್ರ ಹದಿನಾಲ್ಕನೆಯ ವಯಸ್ಸಿನಲ್ಲೇ ಸಮಾಜವಾದಿ ಪಕ್ಷದ ಯುವ ಘಟಕ ಸೇರಿದರು.

ಅವರ ರಾಜಕಾರಣದ ಬಗೆ ಅರ್ಥವಾಗಬೇಕಾದರೆ 1993ಕ್ಕೆ ಹೋಗಬೇಕು. ಲಿಸ್ಬನ್‌ನ ಪಕ್ಕದ ಲೌರೆಸ್‌ನಲ್ಲಿ ಮೇಯರ್ ಸ್ಥಾನಕ್ಕೆ ನಿಂತಿದ್ದ ಕೋಸ್ಟಾ, ಮೆಟ್ರೋ ಇಲ್ಲದೆ ಜನ ಪಡುತ್ತಿದ್ದ ಪಾಡನ್ನು ತೋರಿಸಲು, ಕಲ್ಸಾದ ದೆ ಕರಿಷೆ ಎಂಬ ಏರುರಸ್ತೆಯಲ್ಲಿ ಜನಜಂಗುಳಿಯ ಹೊತ್ತಿಗೆ ಸರಿಯಾಗಿ ಒಂದು ಕತ್ತೆಗೂ ಒಂದು ಫೆರಾರಿ ಕಾರಿಗೂ ಪಂದ್ಯ ಏರ್ಪಡಿಸಿದರು. ಗೆದ್ದದ್ದು ಕತ್ತೆ. ಚುನಾವಣೆಯಲ್ಲಿ ಕೋಸ್ಟಾ ಸೋತರು, ಅದು ಬೇರೆ ಮಾತು; ಆಗ ಲೌರೆಸ್‌ಗೇ ಸೇರಿದ್ದ ಒಡಿವೆಲಾಸ್‌ಗೆ ಮೆಟ್ರೋ ಬಂದದ್ದು 2004ರಲ್ಲಿ.

ಮುಂದೆ ನ್ಯಾಯ ಖಾತೆ, ಆಂತರಿಕ ಆಡಳಿತ ಖಾತೆ, 2007ರಿಂದ ಲಿಸ್ಬನ್‌ನ ಮೇಯರ್ ಪದವಿ. ನಿಜವಾದ ಪರೀಕ್ಷೆ ಎದುರಾದದ್ದು 2015ರ ಅಕ್ಟೋಬರ್‌ನಲ್ಲಿ. 230 ಸ್ಥಾನಗಳ ಸಂಸತ್ತಿನಲ್ಲಿ ಅವರ ಪಕ್ಷಕ್ಕೆ ದಕ್ಕಿದ್ದು 86 ಸ್ಥಾನ, ಅಂದರೆ ಎರಡನೆಯ ಸ್ಥಾನ. ಆದರೂ ಸರ್ವಾಧಿಕಾರವನ್ನು ಕೊನೆಗಾಣಿಸಿದ 1974ರ ಕ್ರಾಂತಿಯ ಕಾಲದಿಂದ ಸಮಾಜವಾದಿಗಳ ಜೊತೆ ಹಾವು ಮುಂಗುಸಿಯಂತಿದ್ದ ಕಮ್ಯುನಿಸ್ಟರನ್ನೂ ‘ಎಡ ಬಣ’ ಎಂಬ ಪಕ್ಷದವರನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು, ಬೇರೆ ಬೇರೆ ಒಪ್ಪಂದಗಳಿಗೆ ಸಹಿ ಹಾಕಿಸಿ, ಅವರ ಹೊರಗಿನ ಬೆಂಬಲದಿಂದ ನವೆಂಬರ್ 26ರಂದು ಪ್ರಧಾನಿಯಾದರು. ವಿರೋಧಿಗಳು ಈ ಏರ್ಪಾಡನ್ನು ‘ಜೆರಿಂಗೊನ್ಸಾ’ ಎಂದು ಹೀಯಾಳಿಸಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಡಕೋಟ ಗಾಡಿ. ಆ ಡಕೋಟ ಗಾಡಿಯೇ ಪೂರ್ಣಾವಧಿ ಓಡಿತು, ಕಡಿತವಾಗಿದ್ದ ಸಂಬಳ ಪಿಂಚಣಿಗಳನ್ನು ಮರಳಿಸಿತು, 2019ರಲ್ಲಿ ದೇಶದ ಪ್ರಜಾಪ್ರಭುತ್ವದ ಚರಿತ್ರೆಯಲ್ಲೇ ಮೊದಲ ಬಾರಿಗೆ ಮಿಗತೆ ಬಜೆಟ್ಟನ್ನೂ ಕಂಡಿತು. ಕಪ್ಪು ಚುಕ್ಕೆ ಇಲ್ಲವೆಂದಲ್ಲ: 2017ರ ಜೂನ್‌ನಲ್ಲಿ ಪೆದ್ರೊಗಾವ್ ಗ್ರಾಂದೆಯ ಕಾಡ್ಗಿಚ್ಚಿಗೆ 66 ಜನ ಬಲಿಯಾದರು, ಅಕ್ಟೋಬರ್‌ನಲ್ಲಿ ಮತ್ತೆ ಬೆಂಕಿ ಬಿತ್ತು, ಸರ್ಕಾರ ಎಚ್ಚೆತ್ತದ್ದು ತಡವಾಗಿಯೇ ಎಂಬುದು ನನ್ನ ಅಭಿಪ್ರಾಯ.

ಅದೇ ವರ್ಷದ ಜನವರಿಯಲ್ಲಿ ಬೆಂಗಳೂರಿನ ಪ್ರವಾಸಿ ಭಾರತೀಯ ದಿವಸಕ್ಕೆ ಮುಖ್ಯ ಅತಿಥಿಯಾಗಿ ಬಂದಿದ್ದ ಕೋಸ್ಟಾ, ಅಲ್ಲಿಂದ ಮುಂದೆ ಈ ಮನೆಗೂ ಬಂದು ಹೋದರು.

ವಿಚಿತ್ರವೆಂದರೆ, ಅವರು ಎಡವಿದ್ದು ಫೆರಾರಿ ಸಿಕ್ಕ ಮೇಲೆ. 2022ರ ಜನವರಿಯಲ್ಲಿ 120 ಸ್ಥಾನಗಳ ಸ್ಪಷ್ಟ ಬಹುಮತ ಬಂತು. ಎರಡು ವರ್ಷ ತುಂಬುವ ಮೊದಲೇ, 2023ರ ನವೆಂಬರ್ 7ರಂದು, ಲಿಥಿಯಂ ಮತ್ತು ಹೈಡ್ರೋಜನ್ ಯೋಜನೆಗಳ ತನಿಖೆಯ ವೇಳೆ ಅವರ ಕಚೇರಿಯ ಮುಖ್ಯಾಧಿಕಾರಿಯ ಕೊಠಡಿಯಲ್ಲಿ 75,800 ಯೂರೋ ನಗದು ಪತ್ತೆಯಾಯಿತು. ತಮ್ಮ ಹೆಸರೂ ತನಿಖೆಯಲ್ಲಿದೆ ಎಂದು ತಿಳಿದ ದಿನವೇ ಕೋಸ್ಟಾ ರಾಜೀನಾಮೆ ಕೊಟ್ಟರು. ಕೆಲವೇ ದಿನಗಳಲ್ಲಿ, ತನಿಖೆಯವರು ಬರೆದಿಟ್ಟಿದ್ದ ದೂರವಾಣಿ ಸಂಭಾಷಣೆಯೊಂದರಲ್ಲಿ ಆರ್ಥಿಕ ಸಚಿವ ಆಂಟೋನಿಯೊ ಕೋಸ್ಟಾ ಸಿಲ್ವಾ ಅವರ ಹೆಸರಿನ ಬದಲು ಪ್ರಧಾನಿಯ ಹೆಸರು ನುಸುಳಿತ್ತೆಂಬುದೂ ಬಯಲಾಯಿತು.

2024ರ ಡಿಸೆಂಬರ್ 1ರಂದು ಅವರು ಯುರೋಪಿಯನ್ ಒಕ್ಕೂಟದ ದೇಶಗಳ ನಾಯಕರ ಕೂಟವಾದ ಯುರೋಪಿಯನ್ ಕೌನ್ಸಿಲ್‌ನ ಅಧ್ಯಕ್ಷರಾದರು. ಎರಡು ದಿನ ಎಳೆಯುತ್ತಿದ್ದ ಶೃಂಗಸಭೆಯನ್ನು ಒಂದೇ ದಿನಕ್ಕೆ ಮುಗಿಸಬೇಕೆಂಬ ಹಟ ಹಿಡಿದು, 27 ದೇಶಗಳ ನಾಯಕರನ್ನು ಬ್ರಸೆಲ್ಸ್‌ನ ಮೇಜಿನ ಸುತ್ತ ಕೂರಿಸಿ ಅವರು ನಡೆಸಿದ ಮೊದಲ ವಾಡಿಕೆಯ ಸಭೆ ಡಿಸೆಂಬರ್ 19ರಂದು. ಆ ದಿನ ಮಡಗಾಂವಿನಲ್ಲಿ ಗೋವಾ ವಿಮೋಚನಾ ದಿನದ ರಜೆ.