ಊರಿನದೇ ವಿಮಾನ ನಿಲ್ದಾಣ, ಆದರೆ ಬೀಗ ಹಾಕುವಂತಿರಲಿಲ್ಲ

ಕೇಳುಗರಿಗೆ ನಮಸ್ಕಾರ.

ವಿಮಾನ ನಿಲ್ದಾಣ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ದೇವನಹಳ್ಳಿ, ಅಲ್ವಾ? ಉದ್ದನೆಯ ಸಾಲು, ಬ್ಯಾಗ್ ತಪಾಸಣೆ, ದುಬಾರಿ ಕಾಫಿ. ನಾನು ಇವತ್ತು ಹೇಳುವ ನಿಲ್ದಾಣದಲ್ಲಿ ಇದ್ಯಾವುದೂ ಇಲ್ಲ. ಅದು ಅಮೆರಿಕದ ಲಾಸ್ ಏಂಜಲೀಸ್ ಮಗ್ಗುಲಿನ ಸಾಂಟಾ ಮೋನಿಕಾ ಊರಿನದು. ನಾವು ನೀವು ಟಿಕೆಟ್ ತಗೊಂಡು ಹತ್ತುವ ದೊಡ್ಡ ವಿಮಾನಗಳು ಅಲ್ಲಿಗೆ ಬರುವುದಿಲ್ಲ. ಹಾರಾಟ ಕಲಿಯುವವರು, ಸ್ವಂತಕ್ಕೊಂದು ಪುಟ್ಟ ವಿಮಾನ ಇಟ್ಟುಕೊಂಡವರು, ಜೆಟ್ ಇಟ್ಟುಕೊಳ್ಳುವಷ್ಟು ದುಡ್ಡಿರುವವರು, ಇಷ್ಟೇ ಜನ. ಇರುವುದು 227 ಎಕರೆ ಜಾಗ, ಒಂದೇ ರನ್‌ವೇ. ಮಾಲೀಕರು ಅಲ್ಲಿನ ನಗರಸಭೆಯವರು.

ಆ ಮಾಲೀಕರು ತಮ್ಮದೇ ನಿಲ್ದಾಣವನ್ನು ಮುಚ್ಚಲು ದಶಕಗಟ್ಟಲೆ ಒದ್ದಾಡಿದರು. ಆಗಲಿಲ್ಲ.

ಹಾಗಂತ ಅದು ಸುಮ್ನೆ ಯಾವುದೋ ಮೂಲೆಯ ಮೈದಾನ ಅಂದುಕೊಳ್ಳಬೇಡಿ. ಮೊದಲು ಅದರ ಹೆಸರು ಕ್ಲೋವರ್ ಫೀಲ್ಡ್. 1924ರ ಮಾರ್ಚ್‌ನಲ್ಲಿ ಡಗ್ಲಸ್ ಕಂಪನಿ ತಯಾರಿಸಿದ ನಾಲ್ಕು ವಿಮಾನಗಳು ಅಲ್ಲಿಂದ ಸಿಯಾಟಲ್‌ಗೆ ಹೋಗಿ, ಅಲ್ಲಿಂದ ಭೂಮಿ ಸುತ್ತಲು ಹೊರಟವು. ವಿಮಾನದಲ್ಲಿ ಭೂಮಿ ಸುತ್ತಿ ಬಂದವರು ಅದಕ್ಕೂ ಮೊದಲು ಯಾರೂ ಇರಲಿಲ್ಲ. ಒಂದು ಅಲಾಸ್ಕಾದ ಬೆಟ್ಟಕ್ಕೆ ಬಡಿಯಿತು. ಉಳಿದ ಮೂರು ಕಲ್ಕತ್ತಾಕ್ಕೆ ಬಂದು, ನೀರಿನ ಮೇಲೆ ಇಳಿಯಲು ಕಟ್ಟಿದ್ದ ತೇಲುಗಳನ್ನು ಬಿಚ್ಚಿಸಿ, ಚಕ್ರ ಹಾಕಿಸಿಕೊಂಡು, ಅಲಹಾಬಾದ್ ಮೇಲೆ ಕರಾಚಿ ಕಡೆಗೆ ಹಾರಿದವು. ಆಮೇಲೆ ಇನ್ನೊಂದು ಅಟ್ಲಾಂಟಿಕ್‌ನಲ್ಲಿ ಮುಳುಗಿತು. ಹೊರಟಿದ್ದರಲ್ಲಿ ಎರಡು ಸುತ್ತು ಮುಗಿಸಿ ಬಂದವು.

1935ರ ಡಿಸೆಂಬರ್ 17ರಂದು ಡಗ್ಲಸ್‌ನವರ ಡಿಸಿ-3 ವಿಮಾನ ಮೊದಲ ಸಲ ಹಾರಿದ್ದೂ ಈ ರನ್‌ವೇಯಿಂದಲೇ. ನಮ್ಮಲ್ಲಿ ಹಿರಿಯರು ಡಕೋಟಾ ಅನ್ನುತ್ತಾರಲ್ಲ, ಅದರ ಮೂಲ ಇದೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಡಕೋಟಾಗಳು ರಿಪೇರಿಗೆ ಬೆಂಗಳೂರಿನ ಎಚ್‌ಎಎಲ್‌ಗೂ ಬರುತ್ತಿದ್ದವು.

ಯುದ್ಧದ ಮಾತು ಬಂತಲ್ಲ, ಒಂದು ಸ್ವಾರಸ್ಯ ಹೇಳಿಬಿಡುತ್ತೇನೆ. ಜಪಾನಿನವರು ಬಾಂಬ್ ಹಾಕಿಯಾರು ಅನ್ನುವ ಹೆದರಿಕೆಗೆ ನಿಲ್ದಾಣದ ಪಕ್ಕದಲ್ಲೇ ಇದ್ದ ಡಗ್ಲಸ್ ಕಾರ್ಖಾನೆಯನ್ನೇ ಬಚ್ಚಿಟ್ಟರು. ವಾರ್ನರ್ ಬ್ರದರ್ಸ್ ಸ್ಟುಡಿಯೋದಲ್ಲಿ ಸೆಟ್ ಹಾಕುವವರು ಬಂದು, ಎತ್ತರದ ಕಂಬ ನೆಟ್ಟು, ಕಾರ್ಖಾನೆ ಮೇಲೆಲ್ಲ ತಂತಿ ಬಲೆ ಹರಡಿ, ಅದರ ಮೇಲೆ ಹಗುರ ಮರದ ಸುಳ್ಳು ಮನೆ, ಬೇಲಿ, ಬಟ್ಟೆ ಒಣಹಾಕುವ ಹಗ್ಗ, ಕೊನೆಗೆ ತಂತಿಗೆ ಕೋಳಿ ಪುಕ್ಕ ಸುತ್ತಿ ಬಣ್ಣ ಹೊಡೆದ ಮರಗಳನ್ನೂ ನಿಲ್ಲಿಸಿದರು. ರನ್‌ವೇಗೆ ಹುಲ್ಲಿನ ಹಸಿರು ಬಳಿದರು. ಎಷ್ಟು ಚೆನ್ನಾಗಿತ್ತೆಂದರೆ ಅಮೆರಿಕದ ಪೈಲಟ್‌ಗಳಿಗೇ ನಿಲ್ದಾಣ ಕಾಣದೆ ಬೇರೆ ಕಡೆ ಹೋಗಿ ಇಳಿದಿದ್ದುಂಟು.

ಯುದ್ಧಕ್ಕಾಗಿ ಈ ಜಾಗವನ್ನು ಕೇಂದ್ರ ಸರ್ಕಾರ ಗುತ್ತಿಗೆಗೆ ಪಡೆದಿತ್ತು. 1948ರಲ್ಲಿ ಊರಿಗೆ ಹಿಂತಿರುಗಿಸುವಾಗ ಒಂದು ಕರಾರು ಹಾಕಿತು. ಇದು ವಿಮಾನ ನಿಲ್ದಾಣವಾಗಿಯೇ ಇರಬೇಕು, ಇಲ್ಲದಿದ್ದರೆ ಜಾಗ ವಾಪಸ್ ತಗೋಬಹುದು ಅಂತ. ಆಗ ಅದು ದೊಡ್ಡ ವಿಷಯ ಅನ್ನಿಸಿರಲಿಕ್ಕಿಲ್ಲ. ಊರಿಗೆ ಕೆಲಸ ಕೊಡುತ್ತಿದ್ದುದೇ ಆ ಕಾರ್ಖಾನೆ. ನೌಕರರ ಮನೆಗಳು ರನ್‌ವೇ ಸುತ್ತಲೇ ಎದ್ದವು. ಜಕ್ಕೂರಿನ ಏರೋಡ್ರೋಮ್ ಸುತ್ತ ಬೆಂಗಳೂರು ಬೆಳೆದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಜೆಟ್ ಬಂತು. 1970ರ ದಶಕದಲ್ಲಿ ಡಗ್ಲಸ್ ಪೂರ್ತಿ ಜಾಗ ಖಾಲಿ ಮಾಡಿತು. ಸಂಬಳ ಹೋಯಿತು, ಸದ್ದು ಉಳಿಯಿತು. ಸಣ್ಣ ವಿಮಾನಗಳು ಇವತ್ತಿಗೂ ಸೀಸ ಬೆರೆಸಿದ ಪೆಟ್ರೋಲ್ ಸುಡುತ್ತವೆ. ರನ್‌ವೇ ತುದಿಯಿಂದ ಸುಮಾರು 300 ಅಡಿಯಲ್ಲೇ ಮನೆಗಳಿವೆ. ಅಲ್ಲಿ ಮಕ್ಕಳನ್ನು ಬೆಳೆಸುವವರು ಸುಮ್ಮನಿರುತ್ತಾರಾ? ಗೊತ್ತಿದ್ದೇ ಮನೆ ತಗೊಂಡಿರಲ್ಲ ಅಂತ ಪೈಲಟ್‌ಗಳು ಅನ್ನುತ್ತಾರೆ. ಆ ಮಾತು ನನಗೆ ಅರ್ಧ ಮಾತ್ರ ಒಪ್ಪಿಗೆ. ಅವರು ಬಂದ ಕಾಲದಲ್ಲಿ ಇಷ್ಟು ಜೆಟ್ ಇರಲಿಲ್ಲವಲ್ಲ.

ನಗರಸಭೆ ಜೆಟ್‌ಗಳನ್ನೇ ನಿಷೇಧಿಸಿತು. 1979ರಲ್ಲಿ ಕೋರ್ಟು ಅದನ್ನು ಹೊಡೆದುಹಾಕಿತು. 2008ರಲ್ಲಿ ವೇಗದ ಜೆಟ್‌ಗಳು ಮಾತ್ರ ಬೇಡ ಎಂದಿತು. ಆಗ ಎಫ್‌ಎಎ, ಅಂದರೆ ವಿಮಾನಯಾನವನ್ನು ನಿಯಂತ್ರಿಸುವ, ನಮ್ಮ ಡಿಜಿಸಿಎ ತರಹದ ಸಂಸ್ಥೆ, ಅಡ್ಡ ಬಂತು. ಕೇಂದ್ರದ ಅನುದಾನ ಪಡೆದಿದ್ದೀರಿ, ಒಂದು ಬಗೆಯ ವಿಮಾನ ಬರಲಿ, ಇನ್ನೊಂದು ಬೇಡ ಅನ್ನುವಂತಿಲ್ಲ ಎಂದು ಅದರ ವಾದ. 2011ರಲ್ಲಿ ಕೋರ್ಟು ಅದನ್ನೇ ಒಪ್ಪಿತು.

ಕೊನೆಗೆ 2017ರ ಜನವರಿಯಲ್ಲಿ ರಾಜಿ ಆಯಿತು. 2028ರ ಡಿಸೆಂಬರ್ 31ರವರೆಗೆ ನಿಲ್ದಾಣ ನಡೆಸಬೇಕು, ಆಮೇಲೆ ಬೇಕಾದರೆ ಮುಚ್ಚಬಹುದು. ಅದಕ್ಕಿಂತ ಜಾಣತನ ಇದ್ದದ್ದು ಇನ್ನೊಂದು ಷರತ್ತಿನಲ್ಲಿ. 4,973 ಅಡಿಯ ರನ್‌ವೇಯನ್ನು 3,500 ಅಡಿಗೆ ಮೊಟಕು ಮಾಡಲು ಒಪ್ಪಿಗೆ ಸಿಕ್ಕಿತು. ಜೆಟ್ ಬರಬೇಡಿ ಎಂದು ಯಾರೂ ಹೇಳಲಿಲ್ಲ, ಇಳಿಯಲು ಜಾಗ ಸಾಲದಂತೆ ಮಾಡಿದರು ಅಷ್ಟೇ. ಅದೇ ವರ್ಷದ ಕೊನೆಯಲ್ಲಿ ಕೆಲಸ ಮುಗಿಯಿತು. ದೊಡ್ಡ ಜೆಟ್‌ಗಳು ಬೇರೆ ದಾರಿ ಹಿಡಿದವು. ಕಲಿಯುವವರ ಪುಟ್ಟ ವಿಮಾನಗಳಿಗೆ 3,500 ಅಡಿ ಧಾರಾಳ.

ಮುಚ್ಚಿದ ಮೇಲೆ ಅಲ್ಲಿ ಏನು ಮಾಡಬೇಕು ಅನ್ನುವುದಕ್ಕೆ ಊರಿನವರು 2014ರಲ್ಲೇ ಮತ ಹಾಕಿದ್ದಾರೆ. ಪಾರ್ಕು, ಆಟದ ಮೈದಾನ ಮಾಡಬಹುದು, ಬೇರೆ ಏನೇ ಕಟ್ಟಬೇಕೆಂದರೂ ಮತ್ತೆ ಮತದಾರರನ್ನೇ ಕೇಳಬೇಕು. ಬಾಡಿಗೆ ಹೀಗೆ ಏರಿರುವ ಊರಿನಲ್ಲಿ ಅಷ್ಟೂ ಜಾಗಕ್ಕೆ ಹುಲ್ಲು ಹಾಕಿದರೆ ಹೇಗೆ, ಸ್ವಲ್ಪ ಮನೆಗಳನ್ನೂ ಕಟ್ಟೋಣ ಅನ್ನುವವರೂ ಇದ್ದಾರೆ. ನನ್ನ ಮತ ಅವರಿಗೇ. ಆದರೆ ನನಗೆ ಅಲ್ಲಿ ವೋಟಿಲ್ಲ.

ನಮಸ್ಕಾರ.